ಬಟ್ಟೆಯ ತುದಿಗೆ ಕಟ್ಟಿದ ಉಪ್ಪು: ಅಂಬೇಡ್ಕರ್ ಪುಸ್ತಕದೊಳಗಿನ ಹಾಸನ

ಅಂಬೇಡ್ಕರ್ ಜಯಂತಿಯ ದಿನ, ಏಪ್ರಿಲ್ 14ರಂದು, ಹಾಸನ ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ನೋಟ ಹೆಚ್ಚುಕಡಿಮೆ ಒಂದೇ. ಟ್ರ್ಯಾಕ್ಟರಿನ ಮೇಲೆ ಹೂವಿನಲ್ಲಿ ಮುಳುಗಿದ ಭಾವಚಿತ್ರ, ಮುಂದೆ ತಮಟೆ, ಹಿಂದೆ ನೀಲಿ ಬಾವುಟ, ದಾರಿಬದಿಯಲ್ಲಿ ಪಾನಕ, ಮಜ್ಜಿಗೆ. ವೇದಿಕೆಯಲ್ಲಿ ಮೊದಲು ಸಂವಿಧಾನ ಪೀಠಿಕೆಯ ಓದು, ಆಮೇಲೆ ಭಾಷಣ. ಭಾಷಣಕ್ಕೆ ನಿಂತವರು ಮಹಾಡ್, ಪುಣೆ, ನಾಗಪುರಗಳನ್ನು ಸುತ್ತಿ ಬರುತ್ತಾರೆ. ಬಾಬಾಸಾಹೇಬರು ದೂರದಿಂದ ಬಂದ ಬೆಳಕು ಎಂಬಂತೆ ಮಾತು ಸಾಗುತ್ತದೆ. ಆದರೆ ಅಂಬೇಡ್ಕರ್ ಬರೆದ ಪುಸ್ತಕವೊಂದರಲ್ಲಿ ಹಾಸನ ಜಿಲ್ಲೆ ಹೆಸರು ಸಮೇತ ಕೂತಿದೆ. ಜಿಲ್ಲೆಯ ಸ್ಮರಣೆ ಶುರುವಾಗಬೇಕಾದದ್ದು ಆ ಪುಟದಿಂದ ಎಂಬುದು ಈ ಲೇಖನದ ವಾದ.

ಪುಸ್ತಕ 1948ರದು. ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಎಂದು ಕೇಳುವ ಈ ಕೃತಿಯನ್ನು ಅಂಬೇಡ್ಕರ್ ಸಂತರಾದ ನಂದನಾರ್, ರವಿದಾಸ, ಚೋಖಾಮೇಳರ ನೆನಪಿಗೆ ಅರ್ಪಿಸಿದ್ದಾರೆ. ಬ್ರಾಹ್ಮಣರು ಅಸ್ಪೃಶ್ಯರನ್ನು ದೂರವಿಟ್ಟದ್ದು ಎಲ್ಲರಿಗೂ ಗೊತ್ತು. ಅಸ್ಪೃಶ್ಯರೂ ಬ್ರಾಹ್ಮಣರನ್ನು ತಮ್ಮ ಕೇರಿಗೆ ಬಿಟ್ಟುಕೊಳ್ಳುತ್ತಿರಲಿಲ್ಲವಲ್ಲ, ಅದೇಕೆ ಎಂಬುದು ಅಲ್ಲಿ ಅವರು ಎತ್ತುವ ಪ್ರಶ್ನೆ. ಸಾಕ್ಷಿಗೆ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾನನ್ನು ಕರೆಯುತ್ತಾರೆ, ತಂಜಾವೂರಿನ ಗೆಜೆಟಿಯರನ್ನು ಕರೆಯುತ್ತಾರೆ, ಕೊನೆಗೆ ಹಾಸನ ಜಿಲ್ಲೆಯ ಹೊಲಗೇರಿಗೆ ಬರುತ್ತಾರೆ.

ಹಾಸನದ ಸಾಕ್ಷ್ಯ 1873ರ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯದು. ಬರೆದವನು ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ. ಅವನ ಟಿಪ್ಪಣಿಯ ತಿರುಳಿಷ್ಟು: ಪ್ರತಿ ಊರಿನ ಬೇಲಿಯಾಚೆ ಒಂದು ಹೊಲಗೇರಿ ಇದೆ. ತಂಟೆಯಿಲ್ಲದೆ ಅದನ್ನು ಹಾದುಹೋದರೆ ತಮಗೆ ಅದೃಷ್ಟ ಎಂದು ಬ್ರಾಹ್ಮಣರು ನಂಬುತ್ತಾರೆ. ಹೊಲೆಯರಿಗೆ ಅದು ಒಪ್ಪಿಗೆಯಿಲ್ಲ. ಬ್ರಾಹ್ಮಣರು ಯಾರಾದರೂ ನುಗ್ಗಿದರೆ ಕೇರಿಗೆ ಕೇರಿಯೇ ಎದ್ದು ಬಂದು ಚಪ್ಪಲಿಯಲ್ಲಿ ಬಾರಿಸುತ್ತದೆ. ಬೇರೆ ಜಾತಿಯವರು ಬಾಗಿಲವರೆಗೆ ಬರಬಹುದು, ಹೊಸ್ತಿಲು ದಾಟುವಂತಿಲ್ಲ. ಅಕಸ್ಮಾತ್ ಒಳಗೆ ಬಂದರೆ ಮನೆಯ ಯಜಮಾನ ಬಂದವನ ಬಟ್ಟೆಯನ್ನು ಹರಿದು, ಅದರ ಒಂದು ತುದಿಗೆ ಉಪ್ಪು ಕಟ್ಟಿ, ಆಚೆ ಕಳಿಸುತ್ತಾನೆ. ಒಳಗೆ ಬಂದವನಿಗೆ ದಕ್ಕಿದ್ದ ಅದೃಷ್ಟ ಅಲ್ಲಿಗೆ ಕಳೆಯಿತು, ಮನೆಗೆ ತಗಲಬಹುದಾಗಿದ್ದ ಕೇಡೂ ತಪ್ಪಿತು.

ಆಳುವವರ ಕಣ್ಣಿಗೆ ಇದು ವಿಚಿತ್ರ ನಡವಳಿಕೆ. ಅಂಬೇಡ್ಕರ್ ಕಣ್ಣಿಗೆ ಅದೇ ಉಪ್ಪು ಇತಿಹಾಸದ ಸುಳಿವು. ಕೀಳೆನಿಸಿಕೊಂಡವನು ಮೇಲಿನವನ ಬಟ್ಟೆ ಹರಿಯಬಲ್ಲನಾದರೆ ಅದರ ಹಿಂದೆ ಬರೀ ಮಡಿಮೈಲಿಗೆ ಇರಲಾರದು, ಎರಡು ಬಣಗಳ ಹಳೆಯ ವೈರವೇ ಇರಬೇಕು ಎಂದು ಅವರು ತರ್ಕಿಸುತ್ತಾರೆ. ಬೇರೆ ಬುಡಕಟ್ಟುಗಳಿಂದ ಚದುರಿ ಊರಾಚೆ ನೆಲೆಸಿದ ಈ ಜನ ಬೌದ್ಧರಾಗಿದ್ದರು, ಬೌದ್ಧಧರ್ಮ ಬಿಡಲೊಲ್ಲದ್ದರಿಂದ ತಿರಸ್ಕಾರಕ್ಕೆ ಗುರಿಯಾದರು ಎಂಬುದು ಅವರ ಊಹೆ. ಕೊಂಡಿ ಕಳಚಿದ ಕಡೆ ಊಹೆಯ ನೆರವು ಪಡೆಯುವುದು ಇತಿಹಾಸಕಾರನ ಹಕ್ಕು ಎಂದು ಮುನ್ನುಡಿಯಲ್ಲೇ ವಾದಿಸಿದವರು ಅವರು. ಆದ್ದರಿಂದ ಈ ಊಹೆಯನ್ನು ಹಾಸನದ ನೆಲದಲ್ಲೇ ಒರೆಗೆ ಹಚ್ಚಿದರೆ ಅವರಿಗೆ ಅಗೌರವವೇನೂ ಆಗದು.

ಹಚ್ಚಿದ ಕೂಡಲೇ ತೊಡಕು ಎದುರಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳ ತುಂಬ ಇರುವುದು ಜೈನ ಶಾಸನಗಳು. ಇಲ್ಲಿ ಶ್ರಮಣಧರ್ಮ ಎಂದರೆ ಜೈನಧರ್ಮ. ಬೌದ್ಧ ವಿಹಾರದ ಖಚಿತ ಶಾಸನಕ್ಕೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಗೆ ಹೋಗಬೇಕು, ಅಲ್ಲಿನದು 1065ರದು. ಹಾಗಾದರೆ ಹಾಸನದ ಹೊಲಗೇರಿಯ ಹಗೆ ಬೌದ್ಧ ನೆನಪೋ, ಬೇರೇನೋ? ಬೇರೇನೋ ಎನ್ನಲು ಸುಳಿವು ಮೆಕೆಂಜಿಯ ಟಿಪ್ಪಣಿಯಲ್ಲೇ ಇದೆ. ಅವನು ಕುಳವಾಡಿಯ ವಿಷಯ ಹೇಳುತ್ತಾನೆ. ಎರಡು ಊರುಗಳ ನಡುವೆ ಗಡಿ ತಕರಾರು ಎದ್ದರೆ ತೀರ್ಮಾನ ಕುಳವಾಡಿಯದು, ಕುಳವಾಡಿ ಯಾವಾಗಲೂ ಹೊಲೆಯನೇ. ಊರ ಮಣ್ಣಿನ ಉಂಡೆಯ ನಡುವೆ ನೀರಿಟ್ಟು, ಅದನ್ನು ತಲೆಯ ಮೇಲೆ ಹೊತ್ತು ಗಡಿಗುಂಟ ನಡೆಯುತ್ತಾನೆ. ಹೆಜ್ಜೆ ತಪ್ಪಿ ಗಡಿಯಾಚೆ ಬಿದ್ದರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದಲ್ಲಿ ಅವನ ಸಾವು ಎಂಬ ನಂಬಿಕೆ. ಊರೊಳಗೆ ಜಾಗವಿಲ್ಲದವನಿಗೆ ಊರಿನ ಎಲ್ಲೆ ಗೊತ್ತು! ಇವರೇ ಈ ನೆಲದ ಮೊದಲ ಒಡೆಯರಿರಬೇಕು ಎಂದು ಮೆಕೆಂಜಿಗೆ ತೋರಿದ್ದು ಇದರಿಂದ. ಬೇಲೂರು, ಮೇಲುಕೋಟೆಗಳ ದೇವಾಲಯದಲ್ಲಿ ವರ್ಷದ ಕೆಲವು ದಿನ ಅವರಿಗಿದ್ದ ಪ್ರವೇಶವೂ ಅವನ ಗಮನಕ್ಕೆ ಬಂದಿತ್ತು. ಮೇಲುಕೋಟೆಯವರು ಅದನ್ನು ರಾಮಾನುಜರು ಈ ಜನರಿಗೆ ‘ತಿರುಕುಲ’ ಎಂದು ಹೆಸರಿಟ್ಟರೆಂಬ ಕಥೆಗೆ ಜೋಡಿಸುತ್ತಾರೆ.

ಊರ ಚಾಕರಿಯ ಗುರುತಾದ ಈ ಮಣ್ಣಿನ ಉಂಡೆ ಜಿಲ್ಲೆಯ ಅರಕಲಗೂಡಿನ ಕಡೆಗೆ ಕರೆದೊಯ್ಯುತ್ತದೆ. ಕಾವೇರಿಗೆ ಕಟ್ಟೇಪುರದಲ್ಲಿ ಅಣೆಕಟ್ಟೆ ಕಟ್ಟಿ ನಾಲೆ ಹರಿಸಿದ ಈ ಸೀಮೆಯಲ್ಲಿ ತೋಟಿ, ತಳವಾರ, ನೀರಗಂಟಿಗಳ ಚಾಕರಿ ಇನಾಮು ಬರೀ ನೆನಪಲ್ಲ, ಕಂದಾಯ ದಾಖಲೆ. 1928ರಲ್ಲಿ ಅಂಬೇಡ್ಕರ್ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇಂಥದೇ ಚಾಕರಿಯ ಕಟ್ಟು ಬಿಡಿಸಲು. ಅರೆಹೊಟ್ಟೆಯ ಜಮೀನು ಕೊಟ್ಟು ಇಡೀ ಮನೆತನವನ್ನು ದುಡಿಸಿಕೊಳ್ಳುವ ಏರ್ಪಾಡು ಅದು ಎಂಬುದು ಅವರ ತಕರಾರು. ಕರ್ನಾಟಕದಲ್ಲಿ ಆ ಕೆಲಸಕ್ಕೆ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದದ್ದು 1961ರಲ್ಲಿ. ಆ ಮೇಲೆ ಜಮೀನು ಯಾರ ಕೈ ಸೇರಿತು ಎಂಬುದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಪಹಣಿಗಳು ಜಯಂತಿಯ ಭಾಷಣಕ್ಕಿಂತ ಚೆನ್ನಾಗಿ ಉತ್ತರ ಹೇಳಬಲ್ಲವು.

1873ರಲ್ಲಿ ಬೇಲಿ ಎರಡಿತ್ತು: ದೇವಾಲಯದ್ದೊಂದು, ಕೇರಿಯದ್ದೊಂದು. ಕೇರಿಯ ಬೇಲಿ ಈಗ ಇಲ್ಲ. ಚುನಾವಣೆ ಹತ್ತಿರ ಬಂತೆಂದರೆ ನಾಯಕರು ಕ್ಯಾಮೆರಾ ಸಮೇತ ಅಲ್ಲಿಗೆ ಊಟಕ್ಕೆ ಬರುತ್ತಾರೆ. ಯಾರೂ ಅವರ ಬಟ್ಟೆಗೆ ಉಪ್ಪು ಕಟ್ಟುವುದಿಲ್ಲ. ಇನ್ನೊಂದು ಬೇಲಿಯ ಮಾತು ಬೇರೆ.

ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರು ಬಸವೇಶ್ವರ ದೇವಾಲಯದೊಳಗೆ ಹೋದರು. ಅದಕ್ಕಾಗಿ ಅವರಿಗೆ ದಂಡ ಹಾಕಿದರೆಂಬ ದೂರು ನಾಡಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ದಲಿತರು ಊರಿನ ದೇವಾಲಯಗಳನ್ನು ಪ್ರವೇಶಿಸಿದರು. ಮೈಸೂರು ಸಂಸ್ಥಾನದ ದೇವಾಲಯ ಪ್ರವೇಶ ಕಾಯಿದೆ 1948ರದು, ಅಂಬೇಡ್ಕರ್ ಪುಸ್ತಕ ಹೊರಬಂದ ವರ್ಷದ್ದೇ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ‘ನಾಗರಿಕ ಹಕ್ಕುಗಳ ಸಂರಕ್ಷಣೆ’ ಎಂದು ಹೊಸ ಹೆಸರಿಟ್ಟರು. ಅಪರಾಧ ಎಂಬ ಮಾತು ಹೆಸರಿನಿಂದ ಹೋಯಿತು, ಹಕ್ಕು ಎಂಬ ಮಾತು ಬಂತು. ಹಕ್ಕನ್ನು ಚಲಾಯಿಸಲು ಮಾತ್ರ ತಹಸೀಲ್ದಾರರೂ ಪೊಲೀಸರೂ ಜೊತೆಗೆ ನಡೆಯಬೇಕಾಯಿತು.

ಈ ಕಥೆಯಲ್ಲಿ ವಿಶ್ವವಿದ್ಯಾಲಯಕ್ಕೆ ಏನು ಕೆಲಸ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಅಂಬೇಡ್ಕರ್ ಸಂಶೋಧನಾ ಮತ್ತು ವಿಸ್ತರಣಾ ಕೇಂದ್ರವಿದೆ. ಆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬಹುದೆಂದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ಒಂದೇ ಜಿಲ್ಲೆಗೆ ವಿಶ್ವವಿದ್ಯಾಲಯ ಏಕೆ ಎಂಬ ಪ್ರಶ್ನೆಗೆ ಕಟ್ಟಡ, ಅನುದಾನಗಳ ಲೆಕ್ಕದಲ್ಲಷ್ಟೇ ಉತ್ತರ ಹುಡುಕಿದರೆ ಸಾಲದು. ಸುತ್ತಲಿನ ಊರುಗಳಿಗೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಾದ ಸಂಸ್ಥೆಗೆ ಮಾತ್ರ ಆಗುವ ಕೆಲಸವೊಂದು ಇಲ್ಲಿ ಬಾಕಿ ಬಿದ್ದಿದೆ. ಅಂಬೇಡ್ಕರ್ ಬರಹಗಳು ಕನ್ನಡದಲ್ಲಿ ಸಂಪುಟ ಸಂಪುಟವಾಗಿ ಸಿಗುತ್ತವೆ; ಹಾಸನದ ಪುಟವನ್ನು ಹಿಡಿದು ಕೇರಿಗೆ ಹೋಗುವುದಷ್ಟೇ ಉಳಿದಿರುವುದು. ಹೋಗುವ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅದು ತಮ್ಮದೇ ಅಜ್ಜಿಯ ಮನೆ.

ಅಲ್ಲಿ ಕೇಳಬೇಕಾದವು ಸಣ್ಣ ಪ್ರಶ್ನೆಗಳು. ಕಟ್ಟುತ್ತಿದ್ದದ್ದು ಕಲ್ಲುಪ್ಪೋ, ಪುಡಿಯುಪ್ಪೋ? ಬಟ್ಟೆ ಹರಿಯುವಾಗ ಏನಾದರೂ ಮಾತು ಹೇಳುತ್ತಿದ್ದರೇ? ಬ್ರಾಹ್ಮಣನಿಗೂ ಒಕ್ಕಲಿಗನಿಗೂ ಒಂದೇ ಶಾಸ್ತ್ರವೇ? ಆಚೆ ಹೋದವನು ಆ ಉಪ್ಪನ್ನು ಏನು ಮಾಡುತ್ತಿದ್ದ? ಮೆಕೆಂಜಿ ಇವನ್ನು ಬರೆದಿಟ್ಟಿಲ್ಲ.