ಹೀಬ್ರೂ ಧರ್ಮಗ್ರಂಥಗಳಲ್ಲಿ ವಿಗ್ರಹಾರಾಧನೆ: ದೈವನ್ಯಾಯ ಮತ್ತು ಕರುಣೆ

ಹೀಬ್ರೂ ಧರ್ಮಗ್ರಂಥಗಳು (ಯೆಹೂದ್ಯರ ತನಖ್, ಕ್ರೈಸ್ತರ ಹಳೆಯ ಒಡಂಬಡಿಕೆ) ವಿಗ್ರಹಾರಾಧನೆಯನ್ನು ಇಸ್ರಾಯೇಲ್ಯರಿಗೂ ಅವರ ದೇವರಾದ ಯೆಹೋವನಿಗೂ ನಡುವಿನ ಒಡಂಬಡಿಕೆಯ ಉಲ್ಲಂಘನೆಯೆಂದು ಪರಿಗಣಿಸುತ್ತವೆ. ಈ ತಪ್ಪಿಗೆ ದೇವರು ನೀಡುವ ಶಿಕ್ಷೆ ಹಾಗೂ ತೋರುವ ಕ್ಷಮೆಯ ನಡುವಣ ಸಂಬಂಧವು ಈ ಗ್ರಂಥಗಳ ಪ್ರಮುಖ ವಿಷಯಗಳಲ್ಲೊಂದು.

ಆಜ್ಞೆ ಮತ್ತು ಹೋರಿಕರುವಿನ ಪ್ರಸಂಗ

ವಿಮೋಚನಕಾಂಡದ 20ನೆಯ ಅಧ್ಯಾಯದ ದಶಾಜ್ಞೆಗಳು ಅನ್ಯದೇವತೆಗಳ ಪೂಜೆಯನ್ನೂ ಆರಾಧನೆಗಾಗಿ ಮೂರ್ತಿ ಮಾಡುವುದನ್ನೂ ನಿಷೇಧಿಸುತ್ತವೆ. ಆದರೆ ಶಿಲ್ಪಕಲೆಯೆಲ್ಲವೂ ನಿಷಿದ್ಧವಲ್ಲ. ಮಂಜೂಷದ ಮೇಲೆ ಚಿನ್ನದ ಕೆರೂಬಿಗಳನ್ನು ಇರಿಸಬೇಕೆಂದು ಅದೇ ಗ್ರಂಥವು ವಿಧಿಸುತ್ತದೆ.

32ನೆಯ ಅಧ್ಯಾಯದಲ್ಲಿ ಮೋಶೆ ಸೀನಾಯಿ ಬೆಟ್ಟದಲ್ಲಿರುವಾಗ, ಜನರ ಒತ್ತಾಯಕ್ಕೆ ಮಣಿದು ಆರೋನನು ಚಿನ್ನದ ಹೋರಿಕರುವನ್ನು ಮಾಡಿಸುತ್ತಾನೆ. ದೇವರು ಜನಾಂಗವನ್ನೇ ನಾಶಮಾಡಲು ಮುಂದಾದಾಗ ಮೋಶೆಯು ಪೂರ್ವಜರಿಗೆ ಕೊಟ್ಟ ಮಾತನ್ನು ನೆನಪಿಸಿ ಬೇಡಿಕೊಳ್ಳುತ್ತಾನೆ. ಸಂಪೂರ್ಣ ನಾಶ ತಪ್ಪುತ್ತದೆ. ಆದರೂ ಸುಮಾರು 3,000 ಮಂದಿ ಹತರಾಗುತ್ತಾರೆ. ಬಳಿಕ 34ನೆಯ ಅಧ್ಯಾಯದಲ್ಲಿ ದೇವರು ತನ್ನನ್ನು ಕನಿಕರವುಳ್ಳವನು, ದೀರ್ಘಶಾಂತನು ಎಂದು ಪರಿಚಯಿಸಿಕೊಳ್ಳುತ್ತಾನೆ. ಅಲ್ಲಿಯೇ ತಪ್ಪಿತಸ್ಥರನ್ನು ಶಿಕ್ಷಿಸದೆ ಬಿಡುವುದಿಲ್ಲವೆಂದೂ ಹೇಳುತ್ತಾನೆ. ಶಿಕ್ಷೆಯ ಪರಿಣಾಮ ಮೂರು ನಾಲ್ಕು ತಲೆಗಳವರೆಗೆ, ಕರುಣೆಯಾದರೋ ಸಾವಿರ ತಲೆಗಳವರೆಗೆ ಎಂಬ ಅಳತೆಯಲ್ಲಿ ಕರುಣೆಯ ತೂಕವೇ ಹೆಚ್ಚು.

ಇತಿಹಾಸ ಮತ್ತು ಪ್ರವಾದಿಗಳು

ನ್ಯಾಯಸ್ಥಾಪಕರು ಗ್ರಂಥದಲ್ಲಿ ಧರ್ಮಭ್ರಷ್ಟತೆ, ಶತ್ರುಗಳ ದಬ್ಬಾಳಿಕೆ, ಮೊರೆ, ಬಿಡುಗಡೆ ಎಂಬ ಚಕ್ರವು ಮತ್ತೆ ಮತ್ತೆ ತಿರುಗುತ್ತದೆ. ಕ್ರಿ.ಪೂ. 722ರ ಸುಮಾರಿನ ಸಮಾರ್ಯದ ಪತನಕ್ಕೂ ಕ್ರಿ.ಪೂ. 586ರ ಸುಮಾರಿನ ಯೆರೂಸಲೇಮಿನ ನಾಶಕ್ಕೂ ವಿಗ್ರಹಾರಾಧನೆಯೇ ಕಾರಣವೆಂದು ಅರಸುಗಳ ಗ್ರಂಥಗಳು ವಿವರಿಸುತ್ತವೆ. ಹೋಶೇಯ ಪ್ರವಾದಿಯು ಇದನ್ನು ದಾಂಪತ್ಯದ್ರೋಹಕ್ಕೆ ಹೋಲಿಸಿ, ಮುನಿದ ದೇವರೇ ಮರಳಿ ಒಲಿಸಿಕೊಳ್ಳುವುದಾಗಿ ನುಡಿಯುತ್ತಾನೆ.

ಗ್ರಂಥಗಳೊಳಗಿನ ಭಿನ್ನತೆ

ಮಗನು ತಂದೆಯ ಪಾಪವನ್ನು ಹೊರುವುದಿಲ್ಲ ಎಂದು ಯೆಹೆಜ್ಕೇಲನ 18ನೆಯ ಅಧ್ಯಾಯವು ಪ್ರತಿಪಾದಿಸುತ್ತದೆ. ಇದು ತಲೆಮಾರುಗಳ ಶಿಕ್ಷೆಯ ಮಾತಿಗಿಂತ ಭಿನ್ನ. 55 ವರ್ಷ ಆಳಿದ ಮನಸ್ಸೆ ಅರಸನ ಪಾಪಗಳಿಂದಲೇ ಯೆಹೂದಕ್ಕೆ ವಿನಾಶ ಬಂದಿತೆಂದು ಅರಸುಗಳ ಎರಡನೆಯ ಗ್ರಂಥವು ಹೇಳಿದರೆ, ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥವು ಅವನು ಸೆರೆಯಲ್ಲಿ ಪಶ್ಚಾತ್ತಾಪಪಟ್ಟು ಕ್ಷಮೆ ಪಡೆದನೆಂದು ತಿಳಿಸುತ್ತದೆ. ಯೋನನ ಗ್ರಂಥದಲ್ಲಿ ಅನ್ಯಜನರ ನಿನೆವೆ ಪಟ್ಟಣಕ್ಕೂ ಕರುಣೆ ದೊರೆಯುತ್ತದೆ. ಅದನ್ನು ಕಂಡು ಅಸಮಾಧಾನಗೊಳ್ಳುವವನು ಪ್ರವಾದಿಯೇ.

ಕರ್ನಾಟಕದ ಸಂದರ್ಭ

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ 1831ರಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. ಕನ್ನಡ ಬೈಬಲಿನಲ್ಲಿ ನಿಷೇಧದ ಅರ್ಥದಲ್ಲಿ ಬರುವ 'ವಿಗ್ರಹ', 'ಮೂರ್ತಿ' ಎಂಬ ಪದಗಳು ದೇವಾಲಯ ಪರಂಪರೆಯಲ್ಲಿ ಪೂಜ್ಯಭಾವವನ್ನು ಸೂಚಿಸುತ್ತವೆ. ಹೀಗಾಗಿ ಒಂದೇ ಪದವು ಕನ್ನಡ ಓದುಗರಿಗೆ ಎರಡು ಭಿನ್ನ ಧ್ವನಿಗಳನ್ನು ನೀಡುತ್ತದೆ.

ಕ್ರೈಸ್ತರಲ್ಲಿಯೂ ಈ ಆಜ್ಞೆಯ ವ್ಯಾಖ್ಯಾನ ಒಂದೇ ಬಗೆಯದಲ್ಲ. ಕ್ರಿ.ಶ. 787ರ ಎರಡನೆಯ ನೈಸಿಯ ಮಹಾಸಭೆಯು ಪವಿತ್ರ ಚಿತ್ರಗಳಿಗೆ ಸಲ್ಲಿಸುವ ಗೌರವವನ್ನು ದೇವರಿಗೆ ಮಾತ್ರ ಸಲ್ಲುವ ಆರಾಧನೆಯಿಂದ ಬೇರ್ಪಡಿಸಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಂತಹ ಕ್ಯಾಥೊಲಿಕ್ ಗ್ರಾಮಗಳು ಈ ಸಂಪ್ರದಾಯಕ್ಕೆ ಸೇರಿವೆ. ಅನೇಕ ಪ್ರಾಟೆಸ್ಟಂಟ್ ಸಭೆಗಳು ಆರಾಧನಾಲಯದಲ್ಲಿ ಪ್ರತಿಮೆಗಳನ್ನು ಇರಿಸುವುದಿಲ್ಲ. ಹಾರೋಬೆಲೆ ಬಳಿಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆ ಸ್ಥಾಪಿಸುವ ಯೋಜನೆಗೆ 2019ರ ಡಿಸೆಂಬರ್‌ನಲ್ಲಿ ಚಾಲನೆ ದೊರೆತು, 2020ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟನೆ ನಡೆಯಿತು. ಆ ವಿವಾದದಲ್ಲಿ ಜಮೀನು ಮಂಜೂರಾತಿ ಮತ್ತು ಮತಾಂತರದ ಆರೋಪಗಳು ಮುಖ್ಯವಾಗಿದ್ದವು. ದಶಾಜ್ಞೆಗಳ ವ್ಯಾಖ್ಯಾನವು ಅದರ ಕೇಂದ್ರವಾಗಿರಲಿಲ್ಲ.