ಕ್ಲೋರೋಫಾರಮೂ ಸುಣ್ಣದಂಶವೂ

ನಗರ್ತಪೇಟೆಗೆ ಸಮೀಪದ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆದಾಗ, ರೋಗಿಯನ್ನು ಮೈಮರೆಸುವ ಕ್ಲೋರೋಫಾರಮಿನ ವಿಷಯದಲ್ಲಿ ವೈದ್ಯಲೋಕದ ಕಲಹವು ಇನ್ನೂ ಅಡಗಿರಲಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗಟ್ಟಿಮುಟ್ಟಾದ ಮನುಷ್ಯನೇ ಹಠಾತ್ತನೆ ಸಾಯುವುದುಂಟು; ಮೊದಲು ನಿಲ್ಲುವುದು ಉಸಿರೋ ಹೃದಯವೋ? ಕಲಬುರಗಿ ರಾಯಚೂರುಗಳನ್ನೂ ಆಳುತ್ತಿದ್ದ ನಿಜಾಮರ ಆಶ್ರಯದಲ್ಲಿ, 1888 ಮತ್ತು 1889ರಲ್ಲಿ ಹೈದರಾಬಾದಿನ ಎರಡು ಮಂಡಲಿಗಳು ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದುವು. ಉಸಿರನ್ನು ಕಾಯ್ದರೆ ಸಾಕೆಂದು ಎಡ್ವರ್ಡ್ ಲಾರಿಯವರು ಸಾರಿದರು. ಅದು ಆತುರದ ಮಾತು. ಅರೆಮರವೆಯಲ್ಲಿರುವಾಗ ಅಡ್ರಿನಲಿನ್ ರಸವು ಸೇರಿದರೆ ಹೃದಯವು ತಾಳಗೆಟ್ಟು ಅದುರಿ ನಿಲ್ಲಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿಯವರು ಬೆಕ್ಕುಗಳಲ್ಲಿ ತೋರಿಸಿಕೊಟ್ಟರು.

ಆದರೆ ಹೃದಯದ ಕೀಲು ಹೈದರಾಬಾದಿನ ವಾದಕ್ಕೆ ಮುಂಚೆಯೇ ದೊರೆತಿದ್ದಿತು. 1882–83ರಲ್ಲಿ ಲಂಡನ್ನಿನ ಸಿಡ್ನಿ ರಿಂಗರರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯಿಸುತ್ತಿದ್ದರು. ಬಟ್ಟಿಯಿಳಿಸಿದ ನೀರಿಗೆ ಬದಲಾಗಿ ನಲ್ಲಿಯ ನೀರು ಬಳಕೆಯಾಗಿದ್ದಿತು. ತಪ್ಪು ತಿದ್ದಿದೊಡನೆ ಬಡಿತವು ಬೇಗ ಕುಂದಿತು! ನಲ್ಲಿನೀರಿನಲ್ಲಿದ್ದ ಸುಣ್ಣದಂಶವೇ, ಅಂದರೆ ಕ್ಯಾಲ್ಸಿಯಮೇ, ಬಡಿತವನ್ನು ನಡೆಸುತ್ತಿದ್ದಿತು.

1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಆವಿಯು, ಹೃದಯದ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ತಗ್ಗಿಸಿ ಬಡಿತದ ಬಲವನ್ನು ಕುಗ್ಗಿಸುತ್ತದೆಂದು ಮುಂದೆ ತಿಳಿಯಿತು. ವಿಚಿತ್ರವೆಂದರೆ, ವಂಶಾನುಗತ ದೋಷವುಳ್ಳ ಕೆಲವರ ಸ್ನಾಯುಗಳಲ್ಲಿ ಅದೇ ಆವಿಯು ಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಮನ್ನು ಮಿತಿಮೀರಿ ಹೊರಸುರಿಸುತ್ತದೆ. ಸ್ನಾಯು ಸೆಟೆದು, ಮೈ ಕಾದ ಹಂಚಿನಂತಾಗುತ್ತದೆ. 1960ರಲ್ಲಿ ಮೆಲ್ಬೋರ್ನಿನಿಂದ ಪ್ರಕಟವಾದ ವರದಿಯಂತೆ ಒಂದೇ ಮನೆತನದ ಹತ್ತು ಮಂದಿ ಹೀಗೆ ಮಡಿದಿದ್ದರು. ಸ್ನಾಯುವಿನೊಳಗಿನ ಆ ಹೊನಲನ್ನು ತಡೆಯಲು ಈಗ ಡ್ಯಾಂಟ್ರೊಲೀನ್ ಎಂಬ ಮದ್ದುಂಟು.