‘ಸ್ರವಿಸುತ್ತದೆ’ ಎಂಬ ಒಂದು ಮಾತಿನ ಹಿಂದೆ

ಭಯವಾದಾಗ ಅಡ್ರಿನಲ್ ಗ್ರಂಥಿಯು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ ಎಂದು ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಬಾಯಿಪಾಠ ಮಾಡಿದವರೇ. ಸ್ರವಿಸು ಎಂದರೆ ಒಸರು, ಜಿನುಗು. ಮಣ್ಣಿನ ಮಡಕೆಯಿಂದ ನೀರು ಒಸರುವ ಹಾಗೆ ಜೀವಕೋಶದ ಪೊರೆಯಿಂದ ಹಾರ್ಮೋನು ಒಸರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಪಾಠದಲ್ಲಿ ಆ ಚರಿತ್ರೆಗೆ ಜಾಗ ಸಿಗುವುದಿಲ್ಲ; ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಸಿಕ್ಕಿದೆ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಈ ಪುಟ್ಟ ಗ್ರಂಥಿಗಳು 16ನೇ ಶತಮಾನದಿಂದಲೇ ಗೊತ್ತಿದ್ದವು. ಅವುಗಳ ಕೆಲಸ ಮಾತ್ರ ಗೊತ್ತಿರಲಿಲ್ಲ. 1856ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ವುಲ್ಪಿಯಾನ್ ಗ್ರಂಥಿಯನ್ನು ಕೊಯ್ದು ಫೆರಿಕ್ ಕ್ಲೋರೈಡ್ ದ್ರಾವಣ ಹಾಕಿದರು. ಒಳಗಿನ ತಿರುಳು ಹಸಿರು ಬಣ್ಣಕ್ಕೆ ತಿರುಗಿತು, ಹೊರಭಾಗ ತಿರುಗಲಿಲ್ಲ. ಗ್ರಂಥಿಯಿಂದ ಹೊರಡುವ ರಕ್ತವೂ ಅದೇ ಬಣ್ಣ ತೋರಿತು. ಅಂದರೆ ತಿರುಳಿನಲ್ಲಿರುವ ಏನೋ ಒಂದು ವಸ್ತು ರಕ್ತಕ್ಕೆ ಸೇರುತ್ತಿದೆ. 1894ರಲ್ಲಿ ಆಲಿವರ್ ಮತ್ತು ಷೇಫರ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಗ್ರಂಥಿಯ ಸಾರವು ರಕ್ತದೊತ್ತಡವನ್ನು ಏರಿಸುತ್ತದೆಂದು ತೋರಿಸಿದರು. 1901ರ ಹೊತ್ತಿಗೆ ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ಜೋಕಿಚಿ ತಕಾಮಿನೆ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ವಸ್ತು ಕೈಗೆ ಸಿಕ್ಕಿತು. ಅದು ಕೋಶದೊಳಗೆ ಎಲ್ಲಿರುತ್ತದೆ, ಹೇಗೆ ಹೊರಬರುತ್ತದೆ ಎಂಬುದು ಮತ್ತೆ ಅರ್ಧ ಶತಮಾನ ಹಾಗೆಯೇ ಉಳಿಯಿತು.

ಇಲ್ಲಿ ಹರ್ಮನ್ ಬ್ಲಾಶ್ಕೊ ಅವರ ಹೆಸರು ಬರುತ್ತದೆ. ಬರ್ಲಿನ್ನಿನ ಯಹೂದಿ ಮನೆತನದ ಇವರು 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ, ದೇಶ ಬಿಟ್ಟು ಇಂಗ್ಲೆಂಡಿಗೆ ಹೋದವರು. ಆಕ್ಸ್‌ಫರ್ಡಿನಲ್ಲಿ ಅವರು ಅಮೆರಿಕದಿಂದ ಬಂದಿದ್ದ ಆರ್ನಾಲ್ಡ್ ವೆಲ್ಚ್ ಜೊತೆ ಸೇರಿ ದನದ ಗ್ರಂಥಿಗಳ ತಿರುಳನ್ನು ಸಕ್ಕರೆ ನೀರಿನಲ್ಲಿ ಅರೆದು ಯಂತ್ರದಲ್ಲಿ ಜೋರಾಗಿ ತಿರುಗಿಸಿದರು. ನಮ್ಮ ಹೆಣ್ಣುಮಕ್ಕಳು ಅಕ್ಕಿ ತೊಳೆಯುವಾಗ ಕಲ್ಲು ತಳಕ್ಕೆ ಕೂರುವ ಹಾಗೆ, ಅಡ್ರಿನಲಿನ್ನಿನ ಬಹುಪಾಲು ತಳದ ಕಣಗಳಲ್ಲೇ ಕೂತಿತ್ತು! ಆ ಕಣಗಳನ್ನು ಬರೀ ನೀರಿಗೆ ಹಾಕಿದರೆ ಒಡೆದು ಅಡ್ರಿನಲಿನ್ ಹೊರಬರುತ್ತಿತ್ತು. ಹಾರ್ಮೋನು ಕೋಶದ ರಸದಲ್ಲಿ ಕರಗಿರಲಿಲ್ಲ. ಪೊರೆ ಸುತ್ತಿದ ಪುಟ್ಟ ಪೊಟ್ಟಣಗಳಲ್ಲಿ ಇತ್ತು. ಅದೇ 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಹಿಲ್ಲಾರ್ಪ್ ಮತ್ತು ಸಂಗಡಿಗರೂ ಸ್ವತಂತ್ರವಾಗಿ ಇದನ್ನೇ ಕಂಡರು. ಒಂದು ಕೋಶದಲ್ಲಿ ಇಂಥ ಪೊಟ್ಟಣಗಳು ಸಾವಿರಾರು. ಹಾರ್ಮೋನಿನ ಜೊತೆ ಅವುಗಳಲ್ಲಿ ಎ.ಟಿ.ಪಿ. ಮತ್ತು ಪ್ರೋಟೀನುಗಳೂ ತುಂಬಿರುತ್ತವೆ. (1929ರಲ್ಲಿ ಎ.ಟಿ.ಪಿ.ಯನ್ನು ಗುರುತಿಸಿದವರಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.)

ಈಗ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಪೊಟ್ಟಣಕ್ಕೊಂದು ಪೊರೆ, ಕೋಶಕ್ಕೊಂದು ಪೊರೆ. ಹಾರ್ಮೋನು ಎರಡನ್ನೂ ದಾಟುವುದು ಹೇಗೆ? ಮೊದಲು ಕೋಶರಸಕ್ಕೆ ಸೋರಿ, ಅಲ್ಲಿಂದ ಹೊರಕ್ಕೆ ಒಸರುತ್ತದೆಯೇ? ಅಥವಾ ಪೊಟ್ಟಣವೇ ಅಂಚಿಗೆ ಬಂದು ಹೊರಗಡೆಗೆ ಬಾಯಿ ತೆರೆಯುತ್ತದೆಯೇ? 1961ರಲ್ಲಿ ಡಗ್ಲಸ್ ಮತ್ತು ರೂಬಿನ್ ಬೆಕ್ಕಿನ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಪ್ರಚೋದನೆ ಕೊಟ್ಟರೂ ಹಾರ್ಮೋನು ಬರುವುದಿಲ್ಲವೆಂದು ತೋರಿಸಿದರು. ಹಾಲಿನಲ್ಲಿರುವ ಕ್ಯಾಲ್ಸಿಯಂ ಮೂಳೆಗೆ ಮಾತ್ರವಲ್ಲ, ಹೆದರಿಕೆಗೂ ಬೇಕು!

ತೀರ್ಪು ಕೊಟ್ಟ ಪ್ರಯೋಗ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯಲ್ಲೇ ಅತಿ ಜಾಣತನದ್ದು. ಅಡ್ರಿನಲಿನ್ ಸಣ್ಣ ಅಣು. ಅದು ಒಸರಬಹುದು ಎನ್ನೋಣ. ಪ್ರೋಟೀನು ದೊಡ್ಡದು, ಪೊರೆಯನ್ನು ಹಾಗೆ ದಾಟಲಾರದು. 1965ರಲ್ಲಿ ಬ್ಯಾಂಕ್ಸ್ ಮತ್ತು ಕಾರೆನ್ ಹೆಲೆ ಪ್ರಚೋದಿತ ಗ್ರಂಥಿಯಿಂದ ಹೊರಬಂದ ದ್ರವದಲ್ಲಿ ಹುಡುಕಿದಾಗ ಪೊಟ್ಟಣದೊಳಗಿನ ಪ್ರೋಟೀನೂ ಸಿಕ್ಕಿತು. ಹಾಗಾದರೆ ಕೋಶವೇ ಹರಿದುಹೋಗಿರಬಹುದಲ್ಲವೇ ಎಂಬ ಅನುಮಾನ ಸಹಜ. ಮುಂದಿನ ಒಂದೆರಡು ವರ್ಷಗಳಲ್ಲಿ ಅದಕ್ಕೂ ಉತ್ತರ ಬಂತು: ಕೋಶರಸದಲ್ಲಿ ತೇಲುವ ಕಿಣ್ವ ಹೊರಬಂದಿರಲಿಲ್ಲ. ಸಾರಿನ ಮೇಲೆ ತೇಲುವ ಎರಡು ಎಣ್ಣೆ ಹನಿಗಳು ತಾಗಿ ಒಂದಾಗುವಂತೆ ಪೊಟ್ಟಣದ ಪೊರೆ ಕೋಶದ ಪೊರೆಯೊಡನೆ ಬೆಸೆಯುತ್ತದೆ, ಒಳಗಿದ್ದದ್ದು ಹೊರಗಾಗುತ್ತದೆ, ಗೋಡೆಯಲ್ಲಿ ತೂತು ಉಳಿಯುವುದಿಲ್ಲ. ಈ ಕ್ರಿಯೆಗೆ ಎಕ್ಸೋಸೈಟೋಸಿಸ್ ಎಂದು ಹೆಸರು.

ಅಲ್ಲಿಂದ ಮುಂದೆ ಒಂದೊಂದೇ ಪೊಟ್ಟಣವನ್ನು ನೋಡುವ ಕಾಲ. 1982ರಲ್ಲಿ ಎರ್ವಿನ್ ನೇಹರ್ ಮತ್ತು ಅಲೈನ್ ಮಾರ್ಟಿ ಪೊರೆಯ ವಿದ್ಯುತ್ ಧಾರಕತೆಯನ್ನು ಅಳೆದರು. ಪೊಟ್ಟಣವೊಂದು ಬೆಸೆದಾಗ ಕೋಶದ ಪೊರೆ ಅಷ್ಟು ಅಗಲವಾಗುತ್ತದೆ. ಅಳತೆಯ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. 1990ರ ದಶಕದ ಆರಂಭದಲ್ಲಿ ಮಾರ್ಕ್ ವೈಟ್‌ಮನ್ ಮತ್ತು ಸಂಗಡಿಗರು ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಯನ್ನು ಕೋಶದ ಪಕ್ಕ ಹಿಡಿದರು. ಪೊಟ್ಟಣ ತೆರೆದಾಗಲೆಲ್ಲ ಗೆರೆಯಲ್ಲಿ ಒಂದೊಂದು ಮೊನೆ ಎದ್ದಿತು.

ಆ ಮೊನೆಗಳನ್ನು ಸೂಕ್ಷ್ಮವಾಗಿ ನೋಡಿದಾಗ ಕೆಲವುಗಳ ಬುಡದಲ್ಲಿ ಸಣ್ಣ ಉಬ್ಬು ಕಂಡಿತು. ಪೊಟ್ಟಣ ಪೂರ್ತಿ ತೆರೆಯುವ ಮೊದಲು ಬಹಳ ಕಿರಿದಾದ ರಂಧ್ರದಿಂದ ಹಾರ್ಮೋನು ಕ್ಷಣಮಾತ್ರ ನಿಜಕ್ಕೂ ಒಸರುತ್ತದೆ. ಪ್ರಚೋದನೆ ಮೆಲುವಾಗಿದ್ದರೆ ಆ ರಂಧ್ರ ಮತ್ತೆ ಮುಚ್ಚಿಕೊಳ್ಳುವುದೂ ಉಂಟು. ಆಗ ಸಣ್ಣ ಅಡ್ರಿನಲಿನ್ ಅಣುಗಳು ಹೊರಗೆ ಹೋಗುತ್ತವೆ, 1965ರಲ್ಲಿ ಸಾಕ್ಷಿ ಹೇಳಿದ ದೊಡ್ಡ ಪ್ರೋಟೀನು ಪೊಟ್ಟಣದೊಳಗೇ ಉಳಿಯುತ್ತದೆ.